ಮಲಬಾರಿಗೆ ಅಕ್ಷರದ ಬಾಗಿಲು ತೆರೆದ ಸಿ.ಎಚ್. ಮುಹಮ್ಮದ್ ಕೋಯ

ನೆರೆಯ ಕೇರಳ ರಾಜ್ಯದ ಮುಖ್ಯಮಂತ್ರಿಗಳ ಪಟ್ಟಿಯನ್ನು ನೋಡಿದರೆ ಒಂದು ಹೆಸರಿನ ಮುಂದೆ ಅತ್ಯಂತ ಚಿಕ್ಕ ಅವಧಿ ಕಾಣುತ್ತದೆ. 1979ರ ಅಕ್ಟೋಬರ್ 12ರಿಂದ ಡಿಸೆಂಬರ್ 1ರವರೆಗೆ, ಅಂದರೆ ಸುಮಾರು 50 ದಿನ ಮಾತ್ರ. ಆ ಹೆಸರು ಸಿ.ಎಚ್. ಮುಹಮ್ಮದ್ ಕೋಯ. ಅವರು ಕೇರಳದ ಏಕೈಕ ಮುಸ್ಲಿಂ ಮುಖ್ಯಮಂತ್ರಿ. ಸ್ವತಂತ್ರ ಭಾರತದಲ್ಲಿ ಮುಸ್ಲಿಂ ಲೀಗ್ ಪಕ್ಷದಿಂದ ಒಂದು ರಾಜ್ಯದ ಮುಖ್ಯಮಂತ್ರಿಯಾದವರೂ ಅವರೊಬ್ಬರೇ. ಆದರೆ ಮಲಬಾರಿನ ಜನ ಅವರನ್ನು ನೆನೆಯುವುದು ಆ 50 ದಿನಗಳಿಗಾಗಿ ಅಲ್ಲ. ಶಿಕ್ಷಣ ಸಚಿವರಾಗಿ ಅವರು ಮಾಡಿದ ಕೆಲಸಕ್ಕಾಗಿ. ನಮ್ಮ ಸಂಸ್ಥೆಯ ಸದಸ್ಯರೂ ವಿದ್ಯಾರ್ಥಿಗಳೂ ಅವರ ಜೀವನವನ್ನು ತಿಳಿದುಕೊಳ್ಳಬೇಕಾದುದು ಇದೇ ಕಾರಣಕ್ಕೆ.

ಬಾಲ್ಯ ಮತ್ತು ವಿದ್ಯಾಭ್ಯಾಸ

ಸಿ.ಎಚ್. ಎಂದೇ ಎಲ್ಲರ ಬಾಯಲ್ಲಿ ಪರಿಚಿತರಾಗಿದ್ದ ಮುಹಮ್ಮದ್ ಕೋಯ ಅವರು 1927ರ ಜುಲೈ 15ರಂದು ಕಲ್ಲಿಕೋಟೆ ಸಮೀಪದ ಅತ್ತೋಳಿ ಎಂಬ ಹಳ್ಳಿಯಲ್ಲಿ ಜನಿಸಿದರು. ತಂದೆ ಆಲಿ ಮುಸ್ಲಿಯಾರ್ ಧಾರ್ಮಿಕ ಜ್ಞಾನವುಳ್ಳವರು. ಮನೆಯಲ್ಲಿ ಶ್ರೀಮಂತಿಕೆ ಇರಲಿಲ್ಲ, ದೀನಿನ ವಾತಾವರಣವಿತ್ತು.

ಅಂದಿನ ಮಲಬಾರಿನ ಸ್ಥಿತಿಯನ್ನು ಇಲ್ಲಿ ಸ್ವಲ್ಪ ಹೇಳಬೇಕು. 1921ರ ಮಾಪ್ಪಿಳ ಹೋರಾಟ ಮತ್ತು ಅದರ ನಂತರ ಬ್ರಿಟಿಷರು ನಡೆಸಿದ ದಮನದಿಂದ ಅಲ್ಲಿನ ಮುಸ್ಲಿಂ ಸಮುದಾಯ ಜರ್ಝರಿತವಾಗಿತ್ತು. ಸಾವಿರಾರು ಕುಟುಂಬಗಳು ದುಡಿಯುವ ಗಂಡಸರನ್ನು ಕಳೆದುಕೊಂಡಿದ್ದವು. ಇಂಗ್ಲಿಷ್ ವಿದ್ಯೆಯೆಂದರೆ ಹಲವರಿಗೆ ಸಂಶಯ, ಉಳಿದವರಿಗೆ ಅದು ಕೈಗೆಟುಕದ ವಸ್ತು. ಮದ್ರಸದಲ್ಲಿ ಅಕ್ಷರ ಕಲಿತ ಮಕ್ಕಳಲ್ಲಿ ಹೈಸ್ಕೂಲಿನ ಮೆಟ್ಟಿಲು ಹತ್ತುವವರು ಬೆರಳೆಣಿಕೆಯಷ್ಟು. ಹೆಣ್ಣುಮಕ್ಕಳ ಮಾತಂತೂ ಹೇಳುವಂತಿರಲಿಲ್ಲ.

ಇಂತಹ ಕಾಲದಲ್ಲಿ ಬಾಲಕ ಕೋಯ ಊರಿನ ಶಾಲೆ ಮುಗಿಸಿ ಕೊಯಿಲಾಂಡಿಯ ಹೈಸ್ಕೂಲಿಗೆ ಸೇರಿದರು. ಅಲ್ಲಿಂದ ಕಲ್ಲಿಕೋಟೆಯ ಸಾಮೂದಿರಿ ಕಾಲೇಜಿಗೆ ಹೋದರು. ಚೆನ್ನಾಗಿ ಓದುತ್ತಿದ್ದರು, ಅದಕ್ಕಿಂತ ಚೆನ್ನಾಗಿ ಮಾತನಾಡುತ್ತಿದ್ದರು. ವಿದ್ಯಾರ್ಥಿ ಸಂಘಟನೆಯಲ್ಲಿ ಅವರ ಭಾಷಣ ಕೇಳಿದ ಹಿರಿಯರ ದೃಷ್ಟಿ ಅವರ ಮೇಲೆ ಬಿತ್ತು. ಆದರೆ ಸಾರ್ವಜನಿಕ ಜೀವನದ ಸೆಳೆತ ಹೆಚ್ಚಾಗಿ, ಪದವಿ ಪೂರೈಸುವ ಮೊದಲೇ ಅವರು ಕಾಲೇಜನ್ನು ಬಿಡಬೇಕಾಯಿತು. ಮುಂದೆ ವಿಶ್ವವಿದ್ಯಾಲಯಗಳನ್ನೇ ಕಟ್ಟಿದ ಶಿಕ್ಷಣ ಸಚಿವರ ಕೈಯಲ್ಲಿ ಪದವಿ ಪತ್ರ ಇರಲಿಲ್ಲ ಎಂಬುದು ಗಮನಿಸಬೇಕಾದ ಸಂಗತಿ. ತಮಗೆ ಅರ್ಧಕ್ಕೆ ನಿಂತ ವಿದ್ಯೆ ಇತರರಿಗೆ ಪೂರ್ತಿಯಾಗಿ ಸಿಗಲೆಂದು ದುಡಿದವರು ಅವರು.

ಲೇಖನಿ ಹಿಡಿದ ಕೈ

1934ರಲ್ಲಿ ತಲಶ್ಶೇರಿಯಲ್ಲಿ ಪ್ರಾರಂಭವಾದ ಚಂದ್ರಿಕಾ ಎಂಬ ಮಲಯಾಳಂ ಪತ್ರಿಕೆ ನಂತರ ಕಲ್ಲಿಕೋಟೆಗೆ ಬಂದಿತ್ತು. ಯುವಕ ಕೋಯ ಉಪಸಂಪಾದಕರಾಗಿ ಅದನ್ನು ಸೇರಿ, ಮುಂದೆ ಅದರ ಸಂಪಾದಕರಾಗಿ ಬೆಳೆದರು. ಹರಿತವಾದ ಬರಹ, ನಗಿಸುತ್ತಲೇ ಚುಚ್ಚುವ ಮಾತು ಅವರ ವೈಶಿಷ್ಟ್ಯ. ರಾಜಕೀಯದ ಗಡಿಬಿಡಿಯ ನಡುವೆಯೂ ಅವರು ಬರವಣಿಗೆಯನ್ನು ಬಿಡಲಿಲ್ಲ. ಹಜ್ ಯಾತ್ರೆಯ ಅನುಭವವನ್ನೂ ಹಲವು ದೇಶಗಳ ಪ್ರವಾಸ ಕಥನಗಳನ್ನೂ ಮಲಯಾಳಂನಲ್ಲಿ ಬರೆದರು. ಓದುವ ಅಭ್ಯಾಸವೇ ಇಲ್ಲದ ಮನೆಗಳಿಗೆ ಪತ್ರಿಕೆಯೊಂದು ಹೋಗಿ, ಒಬ್ಬರು ಗಟ್ಟಿಯಾಗಿ ಓದಿ ಹತ್ತು ಜನ ಕೇಳುವಂತಾದರೆ ಅದೂ ಒಂದು ಶಾಲೆಯೇ ಅಲ್ಲವೇ?

ಅವರ ರಾಜಕೀಯ ಗುರುಗಳಲ್ಲಿ ವಕೀಲರೂ ವಿದ್ಯಾಪ್ರೇಮಿಯೂ ಆಗಿದ್ದ ಕೆ.ಎಂ. ಸೀತಿ ಸಾಹೇಬರು ಪ್ರಮುಖರು. ಸಯ್ಯಿದ್ ಅಬ್ದುರ್ರಹ್ಮಾನ್ ಬಾಫಖಿ ತಂಙಳ್ ಅವರ ಪ್ರೀತಿಯೂ ಕೋಯ ಅವರಿಗೆ ದೊರೆಯಿತು. ಸ್ವಾತಂತ್ರ್ಯಾನಂತರ ದೇಶದ ವಿಭಜನೆಯ ಗಾಯ ಹಸಿಯಾಗಿದ್ದಾಗ ಲೀಗ್ ಎಂಬ ಹೆಸರು ಹೇಳುವುದೇ ಕಷ್ಟವಾಗಿತ್ತು. ಆ ಅಪವಾದವನ್ನು ಹೊತ್ತುಕೊಂಡೇ ಸಂವಿಧಾನದ ಚೌಕಟ್ಟಿನೊಳಗೆ ಸಮುದಾಯದ ಹಕ್ಕು ಕೇಳುವ ದಾರಿಯನ್ನು ಈ ಹಿರಿಯರು ಆರಿಸಿಕೊಂಡರು. ತಮ್ಮವರ ಹಕ್ಕಿನಲ್ಲಿ ಕೂದಲೆಳೆಯಷ್ಟನ್ನೂ ಬಿಟ್ಟುಕೊಡಬಾರದು, ಇತರರ ಹಕ್ಕಿನಲ್ಲಿ ಕೂದಲೆಳೆಯಷ್ಟನ್ನೂ ಕಸಿಯಬಾರದು ಎಂಬುದು ಸಿ.ಎಚ್. ಅವರು ವೇದಿಕೆಯಿಂದ ವೇದಿಕೆಗೆ ಸಾರುತ್ತಿದ್ದ ತತ್ವ.

ವಿಧಾನಸಭೆಗೆ ಪ್ರವೇಶ

1956ರಲ್ಲಿ ಭಾಷಾವಾರು ರಾಜ್ಯಗಳ ರಚನೆಯಾಯಿತು. ಅದುವರೆಗೆ ಮಲಬಾರ್ ಮತ್ತು ನಮ್ಮ ದಕ್ಷಿಣ ಕನ್ನಡ ಎರಡೂ ಮದರಾಸು ರಾಜ್ಯದ ಜಿಲ್ಲೆಗಳಾಗಿದ್ದವು. ದಕ್ಷಿಣ ಕನ್ನಡ ಮೈಸೂರಿಗೆ ಸೇರಿತು; ಮಲಬಾರ್ ಮತ್ತು ಕಾಸರಗೋಡು ಕೇರಳಕ್ಕೆ ಸೇರಿದವು. 1957ರಲ್ಲಿ ಕೇರಳದ ಪ್ರಥಮ ವಿಧಾನಸಭೆಗೆ ಚುನಾವಣೆ ನಡೆದಾಗ ಸಿ.ಎಚ್. ತಾನೂರು ಕ್ಷೇತ್ರದಿಂದ ಆಯ್ಕೆಯಾದರು. ಆಗ ಅವರಿಗೆ 30 ವರ್ಷವೂ ತುಂಬಿರಲಿಲ್ಲ. 1960ರಲ್ಲಿ ಮತ್ತೆ ಅಲ್ಲಿಂದಲೇ ಗೆದ್ದರು.

1960ರ ಚುನಾವಣೆಯಲ್ಲಿ ಕಾಂಗ್ರೆಸ್, ಪ್ರಜಾ ಸೋಷಲಿಸ್ಟ್ ಪಕ್ಷ ಮತ್ತು ಲೀಗ್ ಒಟ್ಟಾಗಿ ಸ್ಪರ್ಧಿಸಿದ್ದವು. ಗೆದ್ದ ಮೇಲೆ ಲೀಗಿಗೆ ಮಂತ್ರಿ ಸ್ಥಾನ ಕೊಡಲು ಕಾಂಗ್ರೆಸ್ ಒಪ್ಪಲಿಲ್ಲ. ಸಭಾಧ್ಯಕ್ಷ ಸ್ಥಾನ ಮಾತ್ರ ಸಿಕ್ಕಿತು. ಸೀತಿ ಸಾಹೇಬರು ಸಭಾಧ್ಯಕ್ಷರಾದರು. 1961ರ ಏಪ್ರಿಲ್‌ನಲ್ಲಿ ಅವರು ನಿಧನರಾದಾಗ ಆ ಪೀಠಕ್ಕೆ ಸಿ.ಎಚ್. ಹೆಸರು ಬಂತು. ಆದರೆ ಪಕ್ಷದ ಸದಸ್ಯತ್ವಕ್ಕೆ ರಾಜೀನಾಮೆ ಕೊಟ್ಟರೆ ಮಾತ್ರ ಬೆಂಬಲ ಎಂಬ ಷರತ್ತನ್ನು ಕಾಂಗ್ರೆಸ್ ಮುಂದಿಟ್ಟಿತು. ಸೀತಿ ಸಾಹೇಬರಂತಹ ಗುರುವಿನ ಪೀಠ ಒಂದು ಕಡೆ, ಬೆಳೆಸಿದ ಪಕ್ಷ ಇನ್ನೊಂದು ಕಡೆ. ಸಿ.ಎಚ್. ರಾಜೀನಾಮೆ ಕೊಟ್ಟು 1961ರ ಜೂನ್ 9ರಂದು ಸಭಾಧ್ಯಕ್ಷರಾದರು. ಇದನ್ನು ಅವಮಾನವೆಂದು ಭಾವಿಸಿ ನೊಂದುಕೊಂಡ ಕಾರ್ಯಕರ್ತರು ಹಲವರಿದ್ದರು. ಆ ನೋವಿನಲ್ಲಿ ನ್ಯಾಯವೂ ಇತ್ತು. ಐದು ತಿಂಗಳಲ್ಲೇ, ನವೆಂಬರ್‌ನಲ್ಲಿ, ಮೈತ್ರಿ ಮುರಿದು ಸಿ.ಎಚ್. ಆ ಪೀಠದಿಂದ ಇಳಿದರು. ಕೇರಳದ ಅತಿ ಕಿರಿಯ ಸಭಾಧ್ಯಕ್ಷರೆಂಬ ಹೆಸರು ಉಳಿಯಿತು. ಜೊತೆಗೆ, ಇತರರು ದಯೆಯಿಂದ ಕೊಟ್ಟ ಸ್ಥಾನ ಎಷ್ಟು ದಿನ ಬಾಳುತ್ತದೆ ಎಂಬ ಪಾಠವೂ ಉಳಿಯಿತು.

1962ರಲ್ಲಿ ಅವರು ಕಲ್ಲಿಕೋಟೆಯಿಂದ ಲೋಕಸಭೆಗೆ ಆಯ್ಕೆಯಾದರು. ಐದು ವರ್ಷ ದೆಹಲಿಯಲ್ಲಿ ಕಳೆದು, 1967ರಲ್ಲಿ ಮಂಕಡ ಕ್ಷೇತ್ರದಿಂದ ಗೆದ್ದು ಮತ್ತೆ ವಿಧಾನಸಭೆಗೆ ಬಂದರು.

ಶಿಕ್ಷಣ ಸಚಿವರು

1967ರ ಮಾರ್ಚ್‌ನಲ್ಲಿ ಇ.ಎಂ.ಎಸ್. ನಂಬೂದಿರಿಪಾಡರ ನೇತೃತ್ವದಲ್ಲಿ ಏಳು ಪಕ್ಷಗಳ ಸರ್ಕಾರ ರಚನೆಯಾಯಿತು. ಅದರಲ್ಲಿ ಲೀಗಿಗೂ ಪಾಲು ದೊರೆತು, ಸಿ.ಎಚ್. ಶಿಕ್ಷಣ ಸಚಿವರಾದರು. ಅವರ ಜೀವನದ ಮುಖ್ಯ ಅಧ್ಯಾಯ ಇಲ್ಲಿಂದ ಪ್ರಾರಂಭವಾಗುತ್ತದೆ.

ಆಗ ಇಡೀ ಕೇರಳಕ್ಕೆ ಇದ್ದದ್ದು ಒಂದೇ ವಿಶ್ವವಿದ್ಯಾಲಯ. 1937ರಲ್ಲಿ ತಿರುವಾಂಕೂರು ವಿಶ್ವವಿದ್ಯಾಲಯವಾಗಿ ಹುಟ್ಟಿ, 1957ರಲ್ಲಿ ಕೇರಳ ವಿಶ್ವವಿದ್ಯಾಲಯ ಎಂದು ಹೆಸರು ಬದಲಿಸಿಕೊಂಡ ಆ ಸಂಸ್ಥೆ ಇದ್ದುದು ದಕ್ಷಿಣದ ತುದಿಯ ತಿರುವನಂತಪುರದಲ್ಲಿ. ಮಲಬಾರಿನ ಕಾಲೇಜುಗಳು ಮೊದಲು ಮದರಾಸು ವಿಶ್ವವಿದ್ಯಾಲಯಕ್ಕೆ, ನಂತರ ತಿರುವನಂತಪುರಕ್ಕೆ ಸೇರಿದ್ದವು. ಅಂಕಪಟ್ಟಿಯ ಒಂದು ತಪ್ಪನ್ನು ಸರಿಪಡಿಸಬೇಕಾದರೂ ಉತ್ತರದ ವಿದ್ಯಾರ್ಥಿ ರಾತ್ರಿಯಿಡೀ ರೈಲಿನಲ್ಲಿ ಪ್ರಯಾಣ ಮಾಡಬೇಕು. ಸ್ನಾತಕೋತ್ತರ ಓದಬೇಕೆಂದರೆ ಮನೆ ಬಿಟ್ಟು ದೂರದ ಊರಿನಲ್ಲಿ ಇರಬೇಕು. ಬಡವರ ಮಕ್ಕಳಿಗೂ ಹೆಣ್ಣುಮಕ್ಕಳಿಗೂ ಇದು ಮುಚ್ಚಿದ ಬಾಗಿಲೇ ಸರಿ.

1968ರ ಜುಲೈನಲ್ಲಿ ಕಲ್ಲಿಕೋಟೆ ವಿಶ್ವವಿದ್ಯಾಲಯ ಅಸ್ತಿತ್ವಕ್ಕೆ ಬಂತು. ಕಲ್ಲಿಕೋಟೆ ಪಟ್ಟಣದಿಂದ ಸುಮಾರು 24 ಕಿ.ಮೀ. ದೂರದ ತೇಂಞಿಪಾಲಂ ಎಂಬ ಗ್ರಾಮವನ್ನು ಅದಕ್ಕಾಗಿ ಆರಿಸಲಾಯಿತು. ಡಾ. ಎಂ.ಎಂ. ಘನಿ ಅವರು ಪ್ರಥಮ ಕುಲಪತಿಗಳಾದರು. 54 ಕಾಲೇಜುಗಳು ಕೇರಳ ವಿಶ್ವವಿದ್ಯಾಲಯದಿಂದ ಬೇರ್ಪಟ್ಟು ಇದರ ವ್ಯಾಪ್ತಿಗೆ ಬಂದವು. ಈ ವ್ಯಾಪ್ತಿಯಲ್ಲಿ ಕಾಸರಗೋಡಿನ ಸರ್ಕಾರಿ ಕಾಲೇಜೂ ಇತ್ತು. ಹೀಗಾಗಿ 1996ರಲ್ಲಿ ಕಣ್ಣೂರಿನಲ್ಲಿ ಬೇರೆ ವಿಶ್ವವಿದ್ಯಾಲಯ ಆಗುವವರೆಗೆ ಕಾಸರಗೋಡಿನ ಕನ್ನಡಿಗ ವಿದ್ಯಾರ್ಥಿಗಳೂ ಪದವಿ ಪಡೆದದ್ದು ಕಲ್ಲಿಕೋಟೆ ವಿಶ್ವವಿದ್ಯಾಲಯದಿಂದಲೇ. ಒಂದು ಸಮುದಾಯದ ಮಂತ್ರಿ ತನ್ನವರಿಗಾಗಿ ಕಟ್ಟಿದ ಸಂಸ್ಥೆ ಎಂದು ಟೀಕಿಸಿದವರಿದ್ದರು. ಅದರ ತರಗತಿಗಳಲ್ಲಿ ಕುಳಿತವರು ಎಲ್ಲ ಜಾತಿ, ಎಲ್ಲ ಧರ್ಮದ ಮಕ್ಕಳು. ಟೀಕೆಗೆ ಇದಕ್ಕಿಂತ ಒಳ್ಳೆಯ ಉತ್ತರ ಬೇಕಾಗಲಿಲ್ಲ. 1971ರಲ್ಲಿ, ಅವರೇ ಶಿಕ್ಷಣ ಸಚಿವರಾಗಿದ್ದಾಗ, ಕೊಚ್ಚಿ ವಿಶ್ವವಿದ್ಯಾಲಯವೂ ಸ್ಥಾಪನೆಯಾಯಿತು.

ಇದೇ ಸರ್ಕಾರದ ಕಾಲದಲ್ಲಿ, 1969ರ ಜೂನ್ 16ರಂದು, ಮಲಪ್ಪುರಂ ಜಿಲ್ಲೆ ರಚನೆಯಾಯಿತು. ಹಿಂದುಳಿದ ಪ್ರದೇಶದ ಅಭಿವೃದ್ಧಿಗೆ ಪ್ರತ್ಯೇಕ ಜಿಲ್ಲೆ ಬೇಕೆಂದು ಲೀಗ್ ಕೇಳಿದಾಗ, ಮಾಪ್ಪಿಳಸ್ತಾನ್ ಹುಟ್ಟುತ್ತದೆ ಎಂದು ಕೂಗಿದವರು ಹಲವರು. ಜಿಲ್ಲೆ ಆಯಿತು, ಶಾಲೆ ಕಾಲೇಜು ಆಸ್ಪತ್ರೆಗಳು ಬಂದವು, ದೇಶಕ್ಕೆ ಯಾವ ಅಪಾಯವೂ ಆಗಲಿಲ್ಲ.

ಹೆಣ್ಣುಮಕ್ಕಳು ಮತ್ತು ಅಧ್ಯಾಪಕರು

ವಿಶ್ವವಿದ್ಯಾಲಯ ಕಟ್ಟಿದರೆ ಸಾಲದು, ಅಲ್ಲಿಯವರೆಗೆ ತಲುಪುವ ಮಕ್ಕಳು ಬೇಕು. ಮಲಬಾರಿನ ಮುಸ್ಲಿಂ ಹುಡುಗಿಯರು ಪ್ರಾಥಮಿಕ ಶಾಲೆಯಲ್ಲೇ ನಿಂತುಬಿಡುತ್ತಿದ್ದರು. ಸಿ.ಎಚ್. ಮುಸ್ಲಿಂ ಹೆಣ್ಣುಮಕ್ಕಳ ವಿದ್ಯಾರ್ಥಿವೇತನಕ್ಕೆ ಒತ್ತು ಕೊಟ್ಟರು. ಮೊತ್ತ ದೊಡ್ಡದಲ್ಲದಿದ್ದರೂ ಅದರ ಪರಿಣಾಮ ದೊಡ್ಡದು. ಹುಡುಗಿಯ ಹೆಸರು ಹಾಜರಿ ಪುಸ್ತಕದಲ್ಲಿ ಉಳಿದರೆ ಮನೆಗೆ ಒಂದಿಷ್ಟು ಹಣ ಬರುತ್ತದೆ ಎಂದಾದಾಗ, ಶಾಲೆ ಬಿಡಿಸಲು ಹೊರಟ ತಂದೆಯೂ ಒಂದು ವರ್ಷ ತಡೆಯುತ್ತಾನೆ. ಆ ಒಂದು ವರ್ಷದಲ್ಲಿ ಹುಡುಗಿ ಇನ್ನೊಂದು ತರಗತಿ ಹತ್ತುತ್ತಾಳೆ. ಶಾಲೆಯಲ್ಲಿ ಪಾಠ ಮಾಡುವ ನಮ್ಮಂಥವರಿಗೆ ಇದು ದಿನನಿತ್ಯದ ಅನುಭವ.

ಅರಬಿ ಅಧ್ಯಾಪಕರ ವಿಷಯವೂ ಮುಖ್ಯ. ಅದುವರೆಗೆ ಅವರು ಶಾಲೆಯಲ್ಲಿದ್ದರೂ ಇಲ್ಲದಂತೆ, ಮುನ್ಶಿ ಎಂಬ ಹೆಸರಿನಲ್ಲಿ ಮೂಲೆಯಲ್ಲಿದ್ದರು. ಸಿ.ಎಚ್. ಅವರ ಕಾಲದಲ್ಲಿ ಅವರಿಗೆ ಭಾಷಾ ಅಧ್ಯಾಪಕರ ಸ್ಥಾನಮಾನ ದೊರೆಯಿತು. ಇದರಿಂದ ಎರಡು ಲಾಭಗಳಾದವು. ಅಧ್ಯಾಪಕರಿಗೆ ಗೌರವದ ಬದುಕು ಸಿಕ್ಕಿತು. ಶಾಲೆಯಲ್ಲೇ ಅರಬಿ ಕಲಿಸುತ್ತಾರೆಂಬ ಭರವಸೆಯಿಂದ, ಹಿಂಜರಿಯುತ್ತಿದ್ದ ಪೋಷಕರು ಮಕ್ಕಳನ್ನು ಧೈರ್ಯವಾಗಿ ಸರ್ಕಾರಿ ಶಾಲೆಗೆ ಕಳುಹಿಸತೊಡಗಿದರು. ಲೆಕ್ಕ, ವಿಜ್ಞಾನಗಳ ಕಡೆಗೆ ಅರಬಿ ತರಗತಿಯೇ ಸೇತುವೆಯಾಯಿತು.

1969ರ ನವೆಂಬರ್‌ನಲ್ಲಿ ಸರ್ಕಾರ ಬದಲಾಗಿ ಸಿ. ಅಚ್ಯುತ ಮೆನನ್ ಮುಖ್ಯಮಂತ್ರಿಯಾದಾಗಲೂ ಸಿ.ಎಚ್. ಮಂತ್ರಿಯಾಗಿ ಮುಂದುವರಿದರು; ಶಿಕ್ಷಣದ ಜೊತೆಗೆ ಗೃಹ ಖಾತೆಯನ್ನೂ ನಿರ್ವಹಿಸಿದರು. 1972ರಲ್ಲಿ ಖಾಸಗಿ ಕಾಲೇಜುಗಳ ದೊಡ್ಡ ವಿವಾದ ಎದ್ದಿತು. ಸರ್ಕಾರಿ ಮತ್ತು ಖಾಸಗಿ ಕಾಲೇಜುಗಳ ಶುಲ್ಕ ಒಂದೇ ಆಗಬೇಕೆಂದು ಸರ್ಕಾರ ಹೇಳಿದಾಗ ಆಡಳಿತ ಮಂಡಳಿಗಳು ಪ್ರತಿಭಟಿಸಿದವು. ಕೊನೆಗೆ ಖಾಸಗಿ ಕಾಲೇಜುಗಳ ಅಧ್ಯಾಪಕರ ಸಂಬಳವನ್ನು ಸರ್ಕಾರವೇ ನೇರವಾಗಿ ಕೊಡುವ ವ್ಯವಸ್ಥೆ ಬಂತು. ಆಡಳಿತ ಮಂಡಳಿಯ ಮರ್ಜಿಗಾಗಿ ಕಾಯುವ ಅಧ್ಯಾಪಕ ಮನಸ್ಸಿಟ್ಟು ಪಾಠ ಮಾಡುವುದು ಕಷ್ಟ. ಸಂಬಳದ ಚಿಂತೆ ಕಳೆದದ್ದು ಅಧ್ಯಾಪಕರಿಗಷ್ಟೇ ಅಲ್ಲ, ವಿದ್ಯಾರ್ಥಿಗಳಿಗೂ ಉಪಕಾರವಾಯಿತು.

ಏಳುಬೀಳುಗಳು

ಖಾಯಿದೆ ಮಿಲ್ಲತ್ ಮುಹಮ್ಮದ್ ಇಸ್ಮಾಯಿಲ್ ಸಾಹೇಬರು 1972ರಲ್ಲಿ ನಿಧನರಾದಾಗ ಮಂಜೇರಿ ಲೋಕಸಭಾ ಸ್ಥಾನ ತೆರವಾಯಿತು. ಪಕ್ಷದ ನಿರ್ಧಾರದಂತೆ ಸಿ.ಎಚ್. ಮಂತ್ರಿ ಪದವಿ ಬಿಟ್ಟು 1973ರಲ್ಲಿ ಅಲ್ಲಿಂದ ಆಯ್ಕೆಯಾಗಿ ದೆಹಲಿಗೆ ಹೋದರು. 1977ರಲ್ಲಿ ಮಲಪ್ಪುರಂ ಕ್ಷೇತ್ರದಿಂದ ಗೆದ್ದು ಮತ್ತೆ ಶಿಕ್ಷಣ ಸಚಿವರಾದರು.

ಆಗಲೇ ಒಂದು ಅನಿರೀಕ್ಷಿತ ಹೊಡೆತ ಬಿತ್ತು. ಚುನಾವಣೆಯ ವೇಳೆ ಚಂದ್ರಿಕಾ ಪತ್ರಿಕೆಯಲ್ಲಿ ಪ್ರಕಟವಾದ ಬರಹಗಳು ಮತೀಯ ಭಾವನೆ ಕೆರಳಿಸುವಂತಿದ್ದವು, ಅದರ ಸಂಪಾದಕರಾದ ಕೋಯ ಅವರೇ ಅದಕ್ಕೆ ಹೊಣೆ ಎಂದು ವಾದಿಸಿ ತಕರಾರು ಅರ್ಜಿ ಸಲ್ಲಿಕೆಯಾಗಿತ್ತು. ಕೇರಳ ಹೈಕೋರ್ಟ್ ಅವರ ಆಯ್ಕೆಯನ್ನು ರದ್ದುಪಡಿಸಿತು. ಸಿ.ಎಚ್. ಮಂತ್ರಿ ಸ್ಥಾನ ಬಿಟ್ಟು ಸುಪ್ರೀಂ ಕೋರ್ಟಿಗೆ ಮೇಲ್ಮನವಿ ಹೋದರು. ಪತ್ರಿಕೆಯಲ್ಲಿ ಕಾನೂನಿನ ಪ್ರಕಾರ ಸಂಪಾದಕರೆಂದು ಹೆಸರು ಮುದ್ರಿತವಾಗಿದ್ದವರು ಬೇರೆ, ಬರಹಗಳ ಹೊಣೆ ಕೋಯ ಅವರದೆಂಬುದು ಸಾಬೀತಾಗಿಲ್ಲ ಎಂದು 1978ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ತೀರ್ಪು ನೀಡಿತು. ಅಕ್ಟೋಬರ್‌ನಲ್ಲಿ ಅವರು ಮತ್ತೆ ಮಂತ್ರಿಯಾದರು. ಬೀದಿಗೆ ಇಳಿಯದೆ, ನ್ಯಾಯಾಲಯದ ಬಾಗಿಲಲ್ಲಿ ತಾಳ್ಮೆಯಿಂದ ಕಾದು ಗೆದ್ದದ್ದನ್ನು ನಾವು ಗಮನಿಸಬೇಕು.

1979ರ ಅಕ್ಟೋಬರ್‌ನಲ್ಲಿ ಪಿ.ಕೆ. ವಾಸುದೇವನ್ ನಾಯರ್ ರಾಜೀನಾಮೆ ಕೊಟ್ಟ ನಂತರ ಸಿ.ಎಚ್. ಮುಖ್ಯಮಂತ್ರಿಯಾಗಿ ಪ್ರಮಾಣವಚನ ಸ್ವೀಕರಿಸಿದರು. ಹಲವು ಪಕ್ಷಗಳ ಆಸರೆಯಲ್ಲಿ ನಿಂತ ಸರ್ಕಾರ ಅದು. ಆಸರೆ ಸರಿಯಿತು, ಸರ್ಕಾರ ಬಿತ್ತು. ಮೈತ್ರಿ ರಾಜಕೀಯದಲ್ಲಿ ಲೀಗ್ ಒಮ್ಮೆ ಎಡ ಪಕ್ಷಗಳೊಡನೆ, ಒಮ್ಮೆ ಕಾಂಗ್ರೆಸ್ಸಿನೊಡನೆ ಹೋದದ್ದನ್ನು ಅವಕಾಶವಾದ ಎಂದವರಿದ್ದಾರೆ. ಆ ಚರ್ಚೆ ಈಗಲೂ ಮುಗಿದಿಲ್ಲ. ಯಾರೊಡನೆ ಹೋದರೂ ಸಿ.ಎಚ್. ಕೈಯಲ್ಲಿ ಹೆಚ್ಚು ಕಾಲ ಇದ್ದದ್ದು ಶಿಕ್ಷಣ ಖಾತೆ ಎಂಬುದಂತೂ ಸತ್ಯ.

ಭಾಷೆಗಳ ಹೋರಾಟ

1980ರಲ್ಲಿ ಇ.ಕೆ. ನಾಯನಾರ್ ಸರ್ಕಾರ ಅಧಿಕಾರಕ್ಕೆ ಬಂದು, ಸಿ.ಎಚ್. ವಿರೋಧ ಪಕ್ಷದಲ್ಲಿ ಕುಳಿತರು. ಅರಬಿ, ಉರ್ದು, ಸಂಸ್ಕೃತ ಭಾಷೆಗಳ ಬೋಧನೆ ಮತ್ತು ಅಧ್ಯಾಪಕರ ನೇಮಕಾತಿಗೆ ಆ ಸರ್ಕಾರ ತಂದ ಹೊಸ ನಿಯಮಗಳಿಂದ ಈ ಭಾಷೆಗಳು ಶಾಲೆಯಿಂದ ಮೆಲ್ಲನೆ ಮರೆಯಾಗುತ್ತವೆ ಎಂಬ ಭಯ ಹುಟ್ಟಿತು. 1980ರ ಜುಲೈ 30ರಂದು ಮಲಪ್ಪುರಂನಲ್ಲಿ ಯುವಜನರ ಪ್ರತಿಭಟನೆಯ ಮೇಲೆ ಪೊಲೀಸರು ಗುಂಡು ಹಾರಿಸಿದರು. ಮೂವರು ಯುವಕರು ಪ್ರಾಣ ಕಳೆದುಕೊಂಡರು. ಆ ಕ್ಷೇತ್ರದ ಶಾಸಕರೇ ಆಗಿದ್ದ ಸಿ.ಎಚ್. ಭಾಷೆಗಳ ಪರವಾಗಿ ಸದನದಲ್ಲಿ ಹೋರಾಡಿದರು. ಕೊನೆಗೆ ಸರ್ಕಾರ ಆ ನಿಯಮಗಳಿಂದ ಹಿಂದೆ ಸರಿಯಿತು. ಉರ್ದು ಕಲಿಸಿ ಅನ್ನ ಉಣ್ಣುವ ನನ್ನಂಥವರಿಗೆ ಆ ಮೂವರು ಯುವಕರ ಸಾವು ಮರೆಯುವಂಥದ್ದಲ್ಲ. ಒಂದು ಭಾಷೆಯ ತರಗತಿ ಉಳಿಯಲು ಯಾರೋ ಎಲ್ಲೋ ಎಷ್ಟು ದೊಡ್ಡ ಬೆಲೆ ತೆತ್ತಿದ್ದಾರೆ ಎಂದು ತರಗತಿಗೆ ಹೋಗುವಾಗ ನೆನಪಾಗುತ್ತದೆ.

ಅಂತಿಮ ದಿನಗಳು

1981ರ ಕೊನೆಯಲ್ಲಿ ಕೆ. ಕರುಣಾಕರನ್ ಅವರ ಸಂಪುಟದಲ್ಲಿ ಸಿ.ಎಚ್. ಉಪಮುಖ್ಯಮಂತ್ರಿಯಾದರು. 1982ರಲ್ಲಿ ಮಂಜೇರಿಯಿಂದ ಗೆದ್ದು ಮತ್ತೆ ಅದೇ ಸ್ಥಾನಕ್ಕೆ ಬಂದರು. 1983ರ ಸೆಪ್ಟೆಂಬರ್ 28ರಂದು ಹೈದರಾಬಾದಿನಲ್ಲಿದ್ದಾಗ ಅವರು ಹಠಾತ್ತನೆ ನಿಧನರಾದರು. ಆಗ ಅವರ ವಯಸ್ಸು ಕೇವಲ 56. ಕಲ್ಲಿಕೋಟೆಯಲ್ಲಿ ಅವರ ದಫನ ನಡೆಯಿತು. ಅವರ ಪುತ್ರ ಡಾ. ಎಂ.ಕೆ. ಮುನೀರ್ ಮುಂದೆ ಕೇರಳದಲ್ಲಿ ಶಾಸಕರೂ ಸಚಿವರೂ ಆದರು. ಕಲ್ಲಿಕೋಟೆ ವೈದ್ಯಕೀಯ ಕಾಲೇಜಿನ ಬಳಿ ಬಡ ರೋಗಿಗಳಿಗೆ ನೆರವಾಗುವ ಸಿ.ಎಚ್. ಸೆಂಟರ್ ಅವರ ಹೆಸರಿನಲ್ಲಿದೆ. ಅಲ್ಪಸಂಖ್ಯಾತ ವಿದ್ಯಾರ್ಥಿನಿಯರಿಗಾಗಿ ಕೇರಳ ಸರ್ಕಾರ ಒಂದು ವಿದ್ಯಾರ್ಥಿವೇತನಕ್ಕೆ ಅವರ ಹೆಸರನ್ನೇ ಇಟ್ಟಿತು. ಅವರಿಗೆ ಇದಕ್ಕಿಂತ ಒಪ್ಪುವ ಸ್ಮಾರಕ ಬೇರೊಂದಿಲ್ಲ.

ನಮಗೆ ಪಾಠ

ಮಲಬಾರಿನ ಮುಸ್ಲಿಮರ ಶೈಕ್ಷಣಿಕ ಪ್ರಗತಿ ಒಬ್ಬ ವ್ಯಕ್ತಿಯ ಸಾಧನೆಯಲ್ಲ. 1948ರಲ್ಲಿ ಹುಟ್ಟಿದ ಫಾರೂಖ್ ಕಾಲೇಜು, 1964ರಲ್ಲಿ ಡಾ. ಪಿ.ಕೆ. ಅಬ್ದುಲ್ ಗಫೂರ್ ಸ್ಥಾಪಿಸಿದ ಮುಸ್ಲಿಂ ಎಜುಕೇಶನಲ್ ಸೊಸೈಟಿ, ಉಲಮಾಗಳ ಸಂಸ್ಥೆಗಳು, ಕೊಲ್ಲಿ ರಾಷ್ಟ್ರಗಳಲ್ಲಿ ಬೆವರು ಸುರಿಸಿ ಹಣ ಕಳುಹಿಸಿದ ಸಾಮಾನ್ಯ ಜನ, ಎಲ್ಲರೂ ಇದರಲ್ಲಿ ಪಾಲುದಾರರು. ಸರ್ಕಾರದ ಒಳಗಿದ್ದು ಸಿ.ಎಚ್. ಬಾಗಿಲು ತೆರೆದರು; ಹೊರಗಿದ್ದ ಸಂಘ ಸಂಸ್ಥೆಗಳು ಮಕ್ಕಳ ಕೈ ಹಿಡಿದು ಆ ಬಾಗಿಲಿನವರೆಗೆ ತಂದವು. ಎರಡರಲ್ಲಿ ಒಂದು ಇಲ್ಲದಿದ್ದರೂ ಕೆಲಸ ಆಗುತ್ತಿರಲಿಲ್ಲ.

ನಮ್ಮ ಸಂಸ್ಥೆಯಂಥವುಗಳ ಹೊಣೆ ಇಲ್ಲೇ ಇದೆ. ನಮ್ಮಲ್ಲಿ ಎಲ್ಲರೂ ಮಂತ್ರಿಯಾಗಲಾರರು. ಆದರೆ ಶಾಲೆ ಬಿಡುವ ಹಂತದಲ್ಲಿರುವ ಒಬ್ಬ ಹುಡುಗಿಯ ಮನೆಗೆ ಹೋಗಿ ಆಕೆಯ ತಂದೆತಾಯಿಯ ಜೊತೆ ಅರ್ಧ ಗಂಟೆ ಕುಳಿತು ಮಾತನಾಡಲು ಪದವಿ, ಅಧಿಕಾರ ಯಾವುದೂ ಬೇಕಿಲ್ಲ. ಅರ್ಜಿ ತುಂಬಲು ಬಾರದವರಿಗೆ ತುಂಬಿಕೊಡಲು ಒಂದು ಪೆನ್ನು ಸಾಕು. ವಿದ್ಯಾರ್ಥಿ ಮಿತ್ರರೇ, ನಿಮ್ಮೂರಿಗೆ ಹತ್ತಿರದಲ್ಲೇ ಇರುವ ಕಾಲೇಜು ತಾನಾಗಿ ಬಂದದ್ದಲ್ಲ, ಯಾರೋ ಕೇಳಿ, ಟೀಕೆ ಸಹಿಸಿ ತಂದದ್ದು ಎಂಬುದನ್ನು ನೆನಪಿಡಿ. ಅತ್ತೋಳಿಯ ಆ ಬಾಲಕನಿಗೆ ಪೂರೈಸಲಾಗದ ಪದವಿಯನ್ನು ನೀವು ಪೂರೈಸಬಲ್ಲಿರಿ.

ಅಲ್ಲಾಹನು ಮರ್ಹೂಂ ಸಿ.ಎಚ್. ಮುಹಮ್ಮದ್ ಕೋಯ ಅವರ ಸೇವೆಯನ್ನು ಸ್ವೀಕರಿಸಲಿ, ಅವರಿಗೆ ಜನ್ನತುಲ್ ಫಿರ್ದೌಸ್ ಕರುಣಿಸಲಿ. ನಮ್ಮ ಮಕ್ಕಳಿಗೆ ಉಪಯುಕ್ತ ಜ್ಞಾನವನ್ನು ದಯಪಾಲಿಸಲಿ. ಆಮೀನ್.